ನಾ. ಡಿಸೋಜರ ಮಕ್ಕಳ ಕಾದಂಬರಿಯನ್ನು ಕೊಪ್ಪಳದ ಮಕ್ಕಳೊಂದಿಗೆ ಓದುವ ಬಗೆ

ನಾ. ಡಿಸೋಜ (1937–2025) ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದ ಡಿಸೋಜರು, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯಿಂದ ನೆಲೆ ಕಳೆದುಕೊಂಡವರ ಪಾಡನ್ನು ಹತ್ತಿರದಿಂದ ಬಲ್ಲವರು. ಮುಳುಗಡೆಯಂಥ ಕಠಿಣ ವಸ್ತುವನ್ನು ದೊಡ್ಡವರಿಗಷ್ಟೇ ಮೀಸಲಿಡದೆ ಮಕ್ಕಳ ಮುಂದೆಯೂ ಇಟ್ಟರು. ಅವರ ಬರವಣಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಕ್ಕಳ ಮೇಲಿನ ಈ ವಿಶ್ವಾಸವೇ.

ಆರು, ಏಳನೆಯ ತರಗತಿಯ ಮಕ್ಕಳಿಗೆ ಇದನ್ನು ದಿನಕ್ಕೆ ಸ್ವಲ್ಪದಂತೆ ಗಟ್ಟಿಯಾಗಿ ಓದಿ ಹೇಳಿರಿ. ಎರೆಹೊಲ ಕಂಡು ಬೆಳೆದವರಿಗೆ ಮಲೆನಾಡು ಅಪರಿಚಿತವಾದ್ದರಿಂದ ಅಡಿಕೆ ತೋಟದ, ಶರಾವತಿ ಹಿನ್ನೀರಿನ ಚಿತ್ರಗಳನ್ನು ಮೊದಲೇ ತೋರಿಸಿದರೆ ಸಾಕು, ದೀರ್ಘ ಪೀಠಿಕೆ ಬೇಡ.

ಹೆಚ್ಚು ಸಮಯ ಕೊಡಬೇಕಾದದ್ದು ನಮ್ಮದೇ ಅಣೆಕಟ್ಟೆಗೆ. ಮುನಿರಾಬಾದಿನ ಬಳಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದಲ್ಲಿಯೂ ಹಲವು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಆಗಿನ ಬಳ್ಳಾರಿ ಜಿಲ್ಲೆಯ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಓದು ಅರ್ಧಕ್ಕೆ ಬಂದಾಗ ಮಕ್ಕಳು ತಮ್ಮ ಮನೆಯ ಅಥವಾ ಓಣಿಯ ಹಿರಿಯರಲ್ಲಿ “ಮುತ್ಯಾ, ಹಿನ್ನೀರಿನ್ಯಾಗ ಹೋದ ಊರು ಯಾವುವು? ಅಲ್ಲಿ ನಮ್ಮ ಬೀಗರು ಯಾರರ ಇದ್ರೇನು?” ಎಂದು ಕೇಳಿ ಬರಲಿ. ಹಿರಿಯರು ಹೇಳಲು ಮನಸ್ಸು ಮಾಡದಿದ್ದರೆ ಒತ್ತಾಯಿಸಬಾರದು ಎಂಬುದನ್ನೂ ಮಕ್ಕಳಿಗೆ ಮುಂಚಿತವಾಗಿ ತಿಳಿಸಿರಿ.

ಚರ್ಚೆಯನ್ನು “ಪಾಪ, ಊರು ಬಿಟ್ಟರು” ಎಂಬ ಮರುಕದಲ್ಲಿ ನಿಲ್ಲಿಸಿದರೆ ಕಾದಂಬರಿಗೆ ಅನ್ಯಾಯವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಲೇ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳು ಹಸಿರಾದವು. ಆ ಅಕ್ಕಿಯನ್ನು ಉಣ್ಣುವ ನಾವು ಲಾಭ ಪಡೆದವರ ಸಾಲಿನಲ್ಲಿದ್ದೇವೆ. ಶರಾವತಿಯ ಕಡೆ ಊರುಗಳು ಮುಳುಗಿದ್ದು ವಿದ್ಯುತ್ತಿಗಾಗಿ. ಪಡೆದವರು ಯಾರು, ಕಳೆದುಕೊಂಡವರು ಯಾರು, ಅವರಿಗೆ ಬದಲಿಗೆ ಏನು ಸಿಗಬೇಕಿತ್ತು ಎಂಬ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನೀವೇ ಹೇಳಿಕೊಡದೆ ಮಕ್ಕಳು ತಮ್ಮತಮ್ಮಲ್ಲಿ ವಾದಿಸಲು ಬಿಡಿ. ಅಲ್ಲಿ ಭಿನ್ನಾಭಿಪ್ರಾಯ ಬಂದರೆ ಓದು ಫಲಿಸುತ್ತಿದೆಯೆಂದೇ ತಿಳಿಯಬೇಕು.

ಕೊನೆಯಲ್ಲಿ ಪ್ರಶ್ನೋತ್ತರ ಬರೆಸುವುದಕ್ಕಿಂತ, ಹಿರಿಯರಿಂದ ಕೇಳಿದ್ದನ್ನು ಊರಿನ ಹೆಸರಿನೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಹೇಳಿದವರ ಒಪ್ಪಿಗೆ ಪಡೆದು ಶಾಲೆಯ ಗ್ರಂಥಾಲಯದಲ್ಲಿ ಕಾದಂಬರಿಯ ಪಕ್ಕದಲ್ಲಿಯೇ ಇಡಿಸಿರಿ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಪ್ರೌಢಶಾಲೆಗೆ ಹೋದ ಮೇಲೆ ಕೊಡಬಹುದು.