ಬಿಂದು ಎತ್ತ ಸರಿಯಬೇಕು?

ಮನೆಯ ಸಂಪಿನ ಒಳಗಿನ ಉದ್ದ 2 ಮೀಟರ್, ಅಗಲ 150 ಸೆಂಟಿಮೀಟರ್, ಆಳ 1.5 ಮೀಟರ್. ಎಷ್ಟು ಲೀಟರ್ ನೀರು ಹಿಡಿಯುತ್ತದೆ? ಮೂರನ್ನೂ ಇದ್ದಂತೆಯೇ ಗುಣಿಸಿ 450 ಎಂದುಬಿಡುವವರು ಶಾಲೆಯ ಮಕ್ಕಳಷ್ಟೇ ಅಲ್ಲ. ಸರಿಯುತ್ತರಕ್ಕೆ ಕೊನೆಯಲ್ಲಿ ಬರೋಣ.

ಮೊದಲು ಒಂದು ಏಣಿ ಬರೆದುಕೊಳ್ಳಿ. ಮೇಲಿನಿಂದ ಕಿಲೋ, ಹೆಕ್ಟೋ, ಡೆಕಾ. ನಡುವೆ ಮೂಲಮಾನ, ಅಂದರೆ ಮೀಟರ್, ಗ್ರಾಂ ಅಥವಾ ಲೀಟರ್. ಅದರ ಕೆಳಗೆ ಡೆಸಿ, ಸೆಂಟಿ, ಮಿಲಿ. ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತು ಪಟ್ಟು. ಅಂಗಡಿಯಲ್ಲಿ ಯಾರೂ ಹೆಕ್ಟೋಗ್ರಾಂ ಕೇಳುವುದಿಲ್ಲ, ನಿಜ. ಆದರೂ ಏಣಿಯಲ್ಲಿ ಅದರ ಜಾಗ ಬಿಡಬೇಡಿ, ಎಣಿಕೆ ತಪ್ಪುತ್ತದೆ.

ಏಣಿ ಬಾಯಿಪಾಠವಾದರೂ ಹಲವರು ಎಡವುವುದು ದಿಕ್ಕಿನಲ್ಲಿ. ಐನೂರರ ನೋಟಿಗೆ ಚಿಲ್ಲರೆ ಪಡೆದದ್ದನ್ನು ನೆನೆಯಿರಿ: ಹಣ ಅಷ್ಟೇ, ಎಣಿಸುವ ನೋಟುಗಳು ಮಾತ್ರ ಹೆಚ್ಚು. ಅಳತೆಯೂ ಹಾಗೆಯೇ. ಸಣ್ಣ ಮಾನಕ್ಕೆ ಇಳಿದರೆ ಸಂಖ್ಯೆ ಹಿಗ್ಗಬೇಕು, ದಶಮಾಂಶ ಬಿಂದು ಬಲಕ್ಕೆ. ದೊಡ್ಡ ಮಾನಕ್ಕೆ ಏರಿದರೆ ಎಡಕ್ಕೆ. 2.75 ಕಿಲೋಗ್ರಾಂ ಅನ್ನು ಗ್ರಾಂ ಮಾಡಲು ಮೂರು ಮೆಟ್ಟಿಲು ಇಳಿಯಬೇಕು: 2,750. 350 ಮಿಲಿಲೀಟರ್ ಅನ್ನು ಲೀಟರ್ ಮಾಡಲು ಮೂರು ಮೆಟ್ಟಿಲು ಏರಬೇಕು: 0.35. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂದು ಮಗ್ಗಿ ಹೇಳಿಕೊಂಡು ಲೆಕ್ಕ ಹಾಕಿದ ಹಿರಿಯರಿಗೆ ಈ ಸುಖವಿರಲಿಲ್ಲ. ರೂಪಾಯಿಗೆ ನೂರು ಪೈಸೆಯಾದದ್ದು 1957ರ ಏಪ್ರಿಲ್ 1ರಂದು.

ಮಿಲಿಯ ಕೆಳಗೆ ಮೈಕ್ರೋ ಇದೆ. ಅಲ್ಲಿಗೆ ಒಮ್ಮೆಲೇ ಮೂರು ಮೆಟ್ಟಿಲಿನ ಜಿಗಿತ: 1 ಮಿಲಿಗ್ರಾಂ ಅಂದರೆ 1,000 ಮೈಕ್ರೋಗ್ರಾಂ. ಥೈರಾಯ್ಡ್ ಮಾತ್ರೆಯ ಪಟ್ಟಿಯ ಮೇಲೆ ಕಾಣುವ 50 ಮೈಕ್ರೋಗ್ರಾಂ ಎಂದರೆ 0.05 ಮಿಲಿಗ್ರಾಂ. ಬಿಂದು ಒಂದು ಸ್ಥಾನ ಜಾರಿದರೂ ಔಷಧ ಹತ್ತು ಪಟ್ಟಾಗುತ್ತದೆ. ಅಭ್ಯಾಸಕ್ಕೆ ಈ ಲೆಕ್ಕ ಚೆನ್ನ. ಮಾತ್ರೆ ನುಂಗುವ ಮುನ್ನ ಮಾತ್ರ ವೈದ್ಯರನ್ನೇ ಕೇಳಿ.

ಇನ್ನು ವಿಸ್ತೀರ್ಣ. 1 ಮೀಟರಿಗೆ 100 ಸೆಂಟಿಮೀಟರ್ ಆದ್ದರಿಂದ 1 ಚದರ ಮೀಟರಿಗೆ 100 ಚದರ ಸೆಂಟಿಮೀಟರ್ ಎನ್ನಲು ನಾಲಿಗೆ ತುದಿಗಾಲಲ್ಲಿರುತ್ತದೆ. ಚೌಕ ಬರೆದು ನೋಡಿ: ಉದ್ದಕ್ಕೆ ನೂರು ಮನೆ, ಅಗಲಕ್ಕೂ ನೂರು ಮನೆ, ಒಟ್ಟು 10,000. ಹಾಗಾಗಿ ವಿಸ್ತೀರ್ಣದಲ್ಲಿ ಒಂದೊಂದು ಮೆಟ್ಟಿಲಿಗೆ ಬಿಂದು ಎರಡು ಸ್ಥಾನ ಸರಿಯುತ್ತದೆ, ಘನ ಅಳತೆಯಲ್ಲಿ ಮೂರು. 1 ಘನ ಮೀಟರ್ ಎಂದರೆ 1,000 ಘನ ಡೆಸಿಮೀಟರ್. 1 ಘನ ಡೆಸಿಮೀಟರ್ ಎಂದರೆ 1 ಲೀಟರ್.

ಈಗ ಸಂಪಿಗೆ ಮರಳೋಣ. ಗುಣಿಸುವ ಮೊದಲೇ ಎಲ್ಲವನ್ನೂ ಮೀಟರಿಗೆ ತನ್ನಿ: 2 × 1.5 × 1.5 = 4.5 ಘನ ಮೀಟರ್, ಅಂದರೆ 4,500 ಲೀಟರ್. ಇದನ್ನು ತುಂಬಲು ಎಷ್ಟು ಮಳೆ ಬೇಕು? ಒಂದು ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಸುರಿದರೆ ಸರಿಯಾಗಿ 1 ಲೀಟರ್. ತಾರಸಿ 100 ಚದರ ಮೀಟರ್ ಇದ್ದರೆ 45 ಮಿಲಿಮೀಟರ್ ಮಳೆ ಸಾಕು. ತಾರಸಿ ಹೀರಿಕೊಳ್ಳುವ ನೀರನ್ನೂ ಕೊಳವೆಯ ಬಾಯಲ್ಲಿ ಕಟ್ಟಿಕೊಂಡ ತರಗೆಲೆಯನ್ನೂ ಈ ಲೆಕ್ಕದಲ್ಲಿ ಸೇರಿಸಿಲ್ಲ.