ಒಣಹಾಕಿದ ಬಟ್ಟೆಯ ಬಿಳಿ: ನನ್ನ ಅನುಭವ

ಫ್ರೆಂಚ್ ಕಲಾವಿದೆ ಬೆರ್ತ್ ಮೊರಿಸೋ 1875ರಲ್ಲಿ ಬರೆದ ಒಂದು ಸಣ್ಣ ತೈಲಚಿತ್ರ ಇದೆ. ಬಯಲಲ್ಲಿ ಹೆಂಗಸರು ಒಗೆದ ಬಟ್ಟೆ ಒಣಹಾಕುತ್ತಿದ್ದಾರೆ, ಅಷ್ಟೇ. ಈಗ ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಗ್ಯಾಲರಿಯವರೇ ಪುಕ್ಕಟೆ ಕೊಡುವ ದೊಡ್ಡ ಫೋಟೊ ಇಳಿಸಿಕೊಂಡು ನಾನು ಅದನ್ನು ನೋಡಿ ನೋಡಿ ಬಿಡಿಸಿದೆ.

ಅಳತೆ ಮೂಲದಷ್ಟೇ ಇಟ್ಟುಕೊಂಡೆ: ಎತ್ತರ 33 ಸೆಂ.ಮೀ., ಅಗಲ 40.6. ಇದರಿಂದ ತುಂಬಾ ಅನುಕೂಲವಾಯಿತು. ಇಷ್ಟು ಜಾಗದಲ್ಲಿ ಬಯಲು, ಆಕಾಶ, ಜನ ಎಲ್ಲ ಹಿಡಿಯಬೇಕಲ್ವಾ? ಒಂದೊಂದು ಬಟ್ಟೆಗೆ ಎರಡು ಮೂರು ಸಲ ಬ್ರಷ್ ತಾಗಿಸಿದರೆ ಮುಗಿಯಿತು. ಮುಖಗಳಿಗೆ ಕಣ್ಣು ಮೂಗು ಇಲ್ಲ. ಮೈ ಬಾಗಿದ ರೀತಿಯಲ್ಲೇ ಕೆಲಸ ಕಾಣಬೇಕು.

ಮೊದಲ ಸಲ ಕೆಟ್ಟಿತು. ಬಟ್ಟೆ ಬಿಳಿ ತಾನೇ ಅಂತ ಟ್ಯೂಬಿನ ಬಿಳಿಯನ್ನೇ ಎಲ್ಲಾ ಕಡೆ ಹಚ್ಚಿದೆ. ಗೋಡೆಗೆ ಸುಣ್ಣ ಬಳಿದ ಹಾಗಾಯಿತು. ಬಿಸಿಲೇ ಕಾಣಲಿಲ್ಲ. ಪೂರ್ತಿ ಕೆರೆದು ತೆಗೆದೆ.

ಮರುದಿನ ಬೆಳಿಗ್ಗೆ ತಾರಸಿ ಮೇಲೆ ಒಂದು ಬಿಳಿ ಪಂಚೆ ಒಣಹಾಕಿ ಅದರ ಮುಂದೆ ಕೂತೆ. ಬಿಸಿಲು ಬಿದ್ದ ಕಡೆ ತುಸು ಹಳದಿ. ನೆರಳಿನ ನಿರಿಗೆಯಲ್ಲಿ ಆಕಾಶದ ನೀಲಿ. ಕೆಳ ಅಂಚಿಗೆ ಪಕ್ಕದ ಕುಂಡದ ಹಸಿರು ಹತ್ತಿಕೊಂಡಿತ್ತು. ಅಚ್ಚ ಬಿಳಿ ಇದ್ದದ್ದು ಹಗ್ಗದ ಮೇಲೆ ಮಡಚಿಕೊಂಡ ಕಡೆ, ಒಂದೇ ಒಂದು ಗೆರೆ. ದಿನಾ ನೋಡುವ ಪಂಚೆ ಅದು!

ಆಮೇಲೆ ನೆರಳಿಗೆ ಬಿಳಿಯ ಜೊತೆ ಚೂರು ಕೋಬಾಲ್ಟ್ ನೀಲಿ, ಅದಕ್ಕಿಂತ ಕಮ್ಮಿ ಗುಲಾಬಿ ಕಲಸಿದೆ. ಬಿಸಿಲಿಗೆ ಬಿಳಿಯ ಜೊತೆ ಯೆಲ್ಲೋ ಓಕರ್, ಅಂದರೆ ಮಣ್ಣು ಹಳದಿ. ಕಪ್ಪು ಮುಟ್ಟಲೇ ಇಲ್ಲ. ಕಪ್ಪು ಸೇರಿದರೆ ಬಟ್ಟೆ ಒಗೆಯದ ಹಾಗೆ ಕಾಣುತ್ತದೆ. ಅಚ್ಚ ಬಿಳಿಯನ್ನು ಕೊನೆಯ ನಾಲ್ಕೈದು ಗೆರೆಗೆ ಉಳಿಸಿಕೊಂಡೆ.

ಇನ್ನೊಂದು ತೊಂದರೆ ಹುಲ್ಲಿಗೆ ಹಚ್ಚಿದ, ಇನ್ನೂ ಒಣಗದ ಬಣ್ಣದ್ದು. ಅದರ ಮೇಲೆ ಬಿಳಿ ಹಚ್ಚುವಾಗ ಎರಡನೇ ಸಲ ತೀಡಿದರೆ ಕೆಸರಾಗುತ್ತದೆ. ಚಪ್ಪಟೆ ಬ್ರಷ್ಷಿನಲ್ಲಿ ಬಣ್ಣ ಜಾಸ್ತಿ ತೆಗೆದುಕೊಂಡು, ಒಂದೇ ಸಲ ಇಟ್ಟು, ಎತ್ತಿ, ಬ್ರಷ್ಷನ್ನು ಚಿಂದಿ ಬಟ್ಟೆಯಲ್ಲಿ ಒರೆಸಬೇಕು. ಇದು ಕೈಗೆ ಹತ್ತಲು ಮೂರು ದಿನ ಬೇಕಾಯಿತು.

ಚಿತ್ರದಲ್ಲಿ ಬಟ್ಟೆ ತುಂಬಾ ಜಾಸ್ತಿ ಅನ್ನಿಸಿ ನಾನು ಒಂದು ಸಾಲು ಬಿಟ್ಟಿದ್ದೆ. ಆಮೇಲೆ ಓದಿದೆ. ಇದು ಪ್ಯಾರಿಸ್ ಪಕ್ಕದ ಜೆನ್‌ವಿಲಿಯೆ ಬಯಲು. ಪಟ್ಟಣದವರ ಬಟ್ಟೆ ಸುತ್ತಲಿನ ಹಳ್ಳಿಗಳಿಗೆ ಒಗೆಯಲು ಬರುತ್ತಿದ್ದ ಕಾಲ. ಇವರು ಒಣಹಾಕುತ್ತಿದ್ದದ್ದು ಬೇರೆಯವರ ಮನೆಯ ಬಟ್ಟೆ. ಅಷ್ಟೊಂದು ಸಾಲು ಇರುವುದು ಅದಕ್ಕೇ.

ಬಿಟ್ಟ ಸಾಲನ್ನು ಅವತ್ತೇ ಸಂಜೆ ಸೇರಿಸಿದೆ.