ಬಣ್ಣ ಏರಿಸುವ ಮುನ್ನ ಚಿತ್ರವನ್ನು ಓದಿ

ಫೋಟೊ ತೆರೆದ ಕೂಡಲೇ ಬಣ್ಣದ ಸ್ಲೈಡರ್ ಎಳೆಯುವುದು ಬಹುತೇಕರ ಅಭ್ಯಾಸ. ಎಡಿಟಿಂಗ್ ಹಾದಿ ತಪ್ಪುವುದು ಅಲ್ಲಿಂದಲೇ. ಕೆಟ್ಟಿರುವುದು ಏನು ಎಂದು ತಿಳಿಯದೆ ಕೈ ಹಾಕಿದರೆ ಸರಿಯಿದ್ದದ್ದೂ ಕೆಡುತ್ತದೆ. ಒಂದು ಚಿತ್ರವನ್ನು ಮುಂದಿಟ್ಟುಕೊಂಡೇ ನೋಡೋಣ: ಕಿಟಕಿಯ ಪಕ್ಕ ಅಜ್ಜಿ ಪುಸ್ತಕ ಓದುತ್ತಿದ್ದಾರೆ. ಕೋಣೆಯೊಳಗೆ ಹಳದಿ ಬಲ್ಬ್ ಉರಿಯುತ್ತಿದೆ. ಬಲ ಅಂಚಿನಲ್ಲಿ ಕೆಂಪು ಬಕೆಟ್ಟೊಂದು ಅರ್ಧ ಇಣುಕಿದೆ.

ಮೊದಲು ವಿಮರ್ಶೆ

ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದಾಗಿಸಿ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಬಕೆಟ್ಟಿಗೆ. ಈಗ ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ಬಕೆಟ್ ತಣ್ಣಗೆ ಹಿನ್ನೆಲೆಯಲ್ಲಿ ಕರಗಿದರೆ ದೋಷ ಬಣ್ಣದ್ದು. ಆಗಲೂ ಕಿಟಕಿ ಕಣ್ಣಿಗೆ ಹೊಡೆಯುತ್ತಿದ್ದರೆ ದೋಷ ಬೆಳಕಿನದು. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನೊಬ್ಬರಿಗೂ ತೋರಿಸಿ. ಆದರೆ ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂದು ಹೇಳಿ ಮುಗಿಸುತ್ತಾರೆ. ‘ಮೊದಲು ಏನು ಕಾಣಿಸಿತು, ಆಮೇಲೆ ಏನು?’ ಎಂದು ಕೇಳಿ. ಬಂದ ಉತ್ತರವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಡಿಟಿಂಗ್ ಆ ಚೀಟಿಯ ಪ್ರಕಾರ ನಡೆಯಲಿ.

ನಂತರ ಚೌಕಟ್ಟು

ಮೂಲ ಚಿತ್ರವನ್ನು ಹಾಗೇ ಇಟ್ಟು ಪ್ರತಿಯಲ್ಲಿ ಕೆಲಸ ಮಾಡಿ. ಕಿಟಕಿಯ ಚೌಕಟ್ಟು ವಾಲಿದ್ದರೆ ನೆಟ್ಟಗೆ ಮಾಡಿ, ಆಮೇಲೆ ಕ್ರಾಪ್. ಚಿತ್ರವನ್ನು ಮೂರು ಭಾಗ ಮಾಡುವ ಗೆರೆಗಳ ಮೇಲೆ ವಸ್ತುವನ್ನು ಇಡಬೇಕೆಂಬ ನಿಯಮಕ್ಕೆ 1797ರಲ್ಲೇ ಹೆಸರಿಟ್ಟವರಿದ್ದಾರೆ. ಅದನ್ನು ಕಟ್ಟಳೆಯಾಗಿ ಪಾಲಿಸಬೇಕಿಲ್ಲ. ಅಜ್ಜಿ ಯಾವ ಕಡೆಗೆ ಮುಖ ಮಾಡಿದ್ದಾರೋ ಆ ಕಡೆ ಸ್ವಲ್ಪ ಜಾಗ ಬಿಡುವುದು, ಮಣಿಕಟ್ಟು, ಮೊಣಕೈಗಳ ಮೇಲೆಯೇ ಕತ್ತರಿ ಆಡಿಸದಿರುವುದು ಹೆಚ್ಚು ಮುಖ್ಯ. ನಾಲ್ಕೂ ಅಂಚುಗಳ ಗುಂಟ ಒಮ್ಮೆ ಕಣ್ಣು ಹಾಯಿಸಿ. ಕಸವೆಲ್ಲ ಸೇರುವುದು ಅಲ್ಲೇ.

ಕ್ರಾಪ್‌ಗೂ ಮಿತಿಯಿದೆ. 6000×4000 ಪಿಕ್ಸೆಲ್‌ಗಳ ಚಿತ್ರವನ್ನು ಉದ್ದಗಲಗಳಲ್ಲಿ ಅರ್ಧಕ್ಕಿಳಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಆರು. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅದರ ಉದ್ದ 10 ಇಂಚು. ನಮ್ಮ ಚಿತ್ರದಲ್ಲಿ ಬಕೆಟ್ಟನ್ನು ಪೂರ್ತಿ ಕತ್ತರಿಸಹೋದರೆ ಪುಸ್ತಕದ ತುದಿಯೂ ಹೋಗುತ್ತದೆ. ಹಾಗಾಗಿ ಅದರ ಚೂರೊಂದನ್ನು ಸದ್ಯಕ್ಕೆ ಉಳಿಸಿಕೊಳ್ಳೋಣ.

ಆಮೇಲೆ ಬೆಳಕು, ಬಣ್ಣ

ಪರದೆಯ ‘ನೈಟ್ ಮೋಡ್’ ಆಫ್ ಮಾಡಿ. ಹಳದಿ ಪರದೆಯಲ್ಲಿ ಸರಿಪಡಿಸಿದ ಬಣ್ಣ ಬೇರೆಡೆ ನೀಲಿಯಾಗಿ ಕಾಣುತ್ತದೆ.

ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ವಸ್ತು ಬಿಳಿಯಾಗಿಯೇ ಕಾಣುವಂತೆ ಬೆಳಕಿನ ಬಣ್ಣವನ್ನು ತಿದ್ದುವುದು. ಆ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು ಸುಮಾರು 2800. ಎರಡೂ ಒಂದೇ ಚಿತ್ರದಲ್ಲಿ ಬಿದ್ದಾಗ ಒಂದೇ ಸಂಖ್ಯೆ ಎರಡನ್ನೂ ತಿದ್ದಲಾರದು. ಮುಖದ ಮೇಲಿನ ಬೆಳಕನ್ನು ಸರಿಮಾಡಿ, ಉಳಿದದ್ದು ಕೊಂಚ ಹಳದಿಯಾಗಿದ್ದರೆ ಇರಲಿ. ಒತ್ತಿದ ಜಾಗವನ್ನೇ ಬಿಳಿ ಎಂದು ಹಿಡಿದು ಬಣ್ಣ ತಿದ್ದುವ ಐಡ್ರಾಪರ್ ಬಳಸುವವರು ಪುಸ್ತಕದ ಹಾಳೆಯನ್ನು ಒತ್ತಬೇಡಿ. ಹಳೆಯ ಕಾಗದದ ಬಣ್ಣವೇ ಹಳದಿ, ಅದನ್ನು ಬಿಳಿ ಎಂದು ನಂಬಿದ ತಂತ್ರಾಂಶ ಅಜ್ಜಿಯನ್ನು ನೀಲಿ ಮಾಡುತ್ತದೆ.

ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿವೆ ಎಂದು ತೋರಿಸುವ ನಕ್ಷೆ ಹಿಸ್ಟೊಗ್ರಾಂ. ಅದರ ಎಡ ತುದಿ 0, ಅಂದರೆ ಅಚ್ಚ ಕಪ್ಪು; ಬಲ ತುದಿ 255, ಅಚ್ಚ ಬಿಳಿ. ಗೆರೆ ಬಲ ಗೋಡೆಗೆ ಅಂಟಿದ್ದರೆ ಕಿಟಕಿ ಸುಟ್ಟುಹೋಗಿದೆ ಎಂದರ್ಥ. ತೀರಾ ಬೆಳಗಿದ ಭಾಗಗಳನ್ನು ತಗ್ಗಿಸುವ ‘ಹೈಲೈಟ್ಸ್’ ಸ್ಲೈಡರ್ ಇಳಿಸಿ. ಕ್ಯಾಮೆರಾದ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸಿಕೊಂಡ ‘ರಾ’ ಫೈಲ್ ಆಗಿದ್ದರೆ ಸ್ವಲ್ಪ ವಿವರ ಮರಳಿ ಬರಬಹುದು, ಜೆಪೆಗ್‌ನಲ್ಲಿ ಬರುವುದು ಬೂದು ಮಾತ್ರ.

ಈಗ ಬಕೆಟ್ಟಿನ ಸರದಿ. ಇಡೀ ಚಿತ್ರದ ಕೆಂಪನ್ನು ಇಳಿಸುವ ಸುಲಭದ ದಾರಿ ಹಿಡಿಯಬೇಡಿ, ಅಜ್ಜಿಯ ತುಟಿ, ಕೆನ್ನೆಯೂ ಪೇಲವವಾಗುತ್ತವೆ. ಬ್ರಷ್‌ನಿಂದ ಬಕೆಟ್ಟನ್ನಷ್ಟೇ ಆರಿಸಿ ಅದರ ಸ್ಯಾಚುರೇಷನ್ (ಬಣ್ಣದ ಗಾಢತೆ) ಮತ್ತು ಬೆಳಕನ್ನು ತಗ್ಗಿಸಿ. ಚಿತ್ರಕ್ಕೆ ಇನ್ನೂ ಬಣ್ಣ ಬೇಕೆನಿಸಿದರೆ ಸ್ಯಾಚುರೇಷನ್ ಬದಲು ವೈಬ್ರೆನ್ಸ್ ಏರಿಸಿ. ಮಂಕಾದ ಬಣ್ಣಗಳಿಗೆ ಅದು ಹೆಚ್ಚು ಬಲ ಕೊಡುತ್ತದೆ, ಚರ್ಮದ ಬಣ್ಣದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.

ಹಂಚಿಕೊಳ್ಳುವ ಪ್ರತಿಯನ್ನು ಬಹುತೇಕ ಪರದೆಗಳಿಗೆ ಹೊಂದುವ ಬಣ್ಣದ ವ್ಯವಸ್ಥೆಯಾದ ಎಸ್‌ಆರ್‌ಜಿಬಿಯಲ್ಲಿ ಉಳಿಸಿ. ಅದಕ್ಕಿಂತ ಹೆಚ್ಚು ಬಣ್ಣಗಳನ್ನು ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದರೆ, ಬಣ್ಣದ ಪ್ರೊಫೈಲ್ ಓದಲು ಬಾರದ ಆ್ಯಪ್‌ಗಳಲ್ಲಿ ಚಿತ್ರ ಬಣ್ಣಗೆಟ್ಟು ಕಾಣುತ್ತದೆ.